ಕೆರೆಯ ಕಳೆ

ಕನ್ನಡದಲ್ಲಿ ‘ಕಳೆ’ ಎಂಬ ಶಬ್ದಕ್ಕೆ ಮೂರು ಅರ್ಥಗಳುಂಟೆಂಬುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ. ಪೈರಿನ ನಡುವೆ ತಾನಾಗಿ ಹುಟ್ಟಿ ರೈತನಿಗೆ ಬೇಡವಾದ ಗಿಡವು ಒಂದು ಕಳೆ. ಸಂಸ್ಕೃತದ ‘ಕಲಾ’ ಶಬ್ದದಿಂದ ತದ್ಭವವಾಗಿ ಬಂದು, ಮುಖದಲ್ಲಿಯೂ ಚಂದ್ರನಲ್ಲಿಯೂ ತೋರುವ ಕಾಂತಿಯನ್ನು ಹೇಳತಕ್ಕದ್ದು ಇನ್ನೊಂದು. ನೀಗು, ಹೋಗಲಾಡಿಸು ಎಂಬ ಕ್ರಿಯೆಯನ್ನು ಹೇಳುವ ಧಾತು ಮೂರನೆಯದು. ನಾನಾರ್ಥಗಳಿಗೆ ಉದಾಹರಣೆಯಾಗಿ ಇದನ್ನು ನಾನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆನು. ಈ ಮೂರು ಅರ್ಥಗಳೂ ಒಂದು ದಿನ ಒಂದೇ ಕೆರೆಯ ದಡದಲ್ಲಿ ಕೂಡಿಕೊಂಡು ನನ್ನನ್ನೇ ಪ್ರಶ್ನೆ ಕೇಳಬಹುದೆಂದು ಆಗ ನನಗೆ ತೋರಿರಲಿಲ್ಲ.

ಕಳೆದ ಮಾಘಮಾಸದಲ್ಲಿ ಒಂದು ಬೆಳಗ್ಗೆ, ಗುಬ್ಬಿ ತಾಲ್ಲೂಕಿನ ಒಂದು ಗ್ರಾಮದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತುಮಕೂರಿನ ನನ್ನ ಮನೆಗೆ ಬಂದನು. ಕೆರೆಯ ಅಚ್ಚುಕಟ್ಟಿನಲ್ಲಿ ಅವನಿಗೆ ಎರಡು ಎಕರೆ ಗದ್ದೆಯುಂಟು. ಕೈಯಲ್ಲಿ ಒಂದು ಅರ್ಜಿ ಇದ್ದಿತು. ಊರಿನ ಕೆರೆಯಲ್ಲಿ ಕಳೆ ತುಂಬಿಹೋಗಿದೆ. ಆದಕಾರಣ ಯಂತ್ರವನ್ನು ತರಿಸಿ ಕೆರೆಯಂಗಳದ ಕಳೆಯನ್ನೆಲ್ಲ ಬುಡಸಹಿತ ಕಿತ್ತುಹಾಕಿಸಬೇಕೆಂದು ಅದರಲ್ಲಿ ಪ್ರಾರ್ಥಿಸಿತ್ತು. “ಮೇಷ್ಟ್ರೇ, ಮೊದಲನೇ ರುಜು ನಿಮ್ಮದೇ ಆಗಬೇಕು” ಎಂದನು. ಆ ಊರಿನ ಶಾಲೆಯಲ್ಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದವನು. ಅರ್ಜಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಲೇಖನಿ ಮುಂದುವರಿಯಲಿಲ್ಲ. “ನಾಲ್ಕು ದಿನ ತಾಳಪ್ಪ” ಎಂದೆನು. ಏಕೆ ತಾಳಬೇಕೆಂದು ಅವನು ಕೇಳಲಿಲ್ಲ. ಹಿರಿಯರ ಮೇಲಣ ಗೌರವದಿಂದ ಎದ್ದುಹೋದನು. ಅವನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಪ್ರಶ್ನೆ ಇಷ್ಟೇ: ನಮಗೆ ಬೇಡವಾದದ್ದನ್ನು ಕೀಳುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಉಂಟು?

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ಅದೇ ಊರಿನಲ್ಲಿ, ಸ್ವಾತಂತ್ರ್ಯೋತ್ಸವದ ಮುನ್ನಾದಿನ, ಶಾಲೆಯ ಮಕ್ಕಳಿಂದ ಶ್ರಮದಾನ ಮಾಡಿಸಬೇಕೆಂದು ನಾನು ಸಂಕಲ್ಪಿಸಿದೆನು. ಶಾಲೆಗೂ ದೇವಸ್ಥಾನಕ್ಕೂ ಎದುರಾಗಿದ್ದ ಕೆರೆಯ ಮೂಲೆಯಲ್ಲಿ ಆಳುದ್ದ ಜೊಂಡು ಬೆಳೆದಿತ್ತು. ನೋಡುವುದಕ್ಕೆ ಅದು ಅಸಹ್ಯವೆಂದು ನನಗೆ ತೋರಿತು. ಮಕ್ಕಳು ಕುಡುಗೋಲುಗಳನ್ನು ತಂದು ಉತ್ಸಾಹದಿಂದ ನೀರಿಗಿಳಿದರು. ಮಧ್ಯಾಹ್ನದ ಹೊತ್ತಿಗೆ ಮೂಲೆಯೆಲ್ಲ ಬಯಲಾಯಿತು. ಆಗ ಒಬ್ಬ ಚಿಕ್ಕ ಹುಡುಗನು ಎರಡು ಕೈಗಳಲ್ಲಿ ಮುರಿದ ಜೊಂಡಿನ ಒಂದು ತಟ್ಟೆಯಂಥದನ್ನು ಹಿಡಿದು ತಂದನು. ಅದರಲ್ಲಿ ಮಾಸಲು ಬಣ್ಣದ ಮೇಲೆ ಕೆಂಗಂದು ಚುಕ್ಕೆಗಳಿದ್ದ ಐದು ಮೊಟ್ಟೆಗಳಿದ್ದುವು. “ಮೇಷ್ಟ್ರೇ, ಇದನ್ನೆಲ್ಲಿಡಲಿ?” ಎಂದು ಕೇಳಿದನು. “ಏರಿಯ ಮೇಲಿಡು, ತಾಯಿ ಬಂದು ನೋಡಿಕೊಳ್ಳುತ್ತದೆ” ಎಂದೆನು. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಸಂಜೆಗೆ ಕಾಗೆಗಳು ತಮ್ಮ ಕೆಲಸವನ್ನು ಮುಗಿಸಿದ್ದುವು. ಮರುದಿನ ಧ್ವಜವಂದನೆಯಾದ ಮೇಲೆ ನಾನು ಅಹಿಂಸೆಯ ವಿಷಯವಾಗಿ ಅರ್ಧ ಗಂಟೆ ಭಾಷಣ ಮಾಡಿದೆನು. ಆ ಹುಡುಗನು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಲಿದ್ದನು.

ಅದು ಹಾಗಿರಲಿ. ಪಶ್ಚಾತ್ತಾಪವು ಪ್ರಮಾಣವಾಗಲಾರದು. ಶಾಸ್ತ್ರಕ್ರಮದಂತೆ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮೊದಲು ಹೇಳುವುದೇ ನ್ಯಾಯ.

ನಮ್ಮ ಜಿಲ್ಲೆ ಮಳೆ ಕಡಮೆಯ ಸೀಮೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಜಯಮಂಗಲಿಗಳೂ ವರ್ಷವಿಡೀ ತುಂಬಿ ಹರಿಯುವ ನದಿಗಳಲ್ಲ. ಆದಕಾರಣವೇ ನಮ್ಮ ಪೂರ್ವಿಕರು ಹಳ್ಳಕ್ಕೆ ಹಳ್ಳಕ್ಕೆ ಏರಿ ಕಟ್ಟಿ ನೀರು ನಿಲ್ಲಿಸಿದರು. ಶಿಂಷೆಯ ಪಾತ್ರದಲ್ಲಿಯೇ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯೂ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವೂ ಇವೆ. ಕುಣಿಗಲ್ ಪಟ್ಟಣದ ದೊಡ್ಡಕೆರೆಯಂತೂ ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾಗಿದೆ. ಇಂಥ ಸೀಮೆಯಲ್ಲಿ ಒಂದು ಕೊಡ ನೀರಿಗೂ ಬೆಲೆಯುಂಟು. ಜೊಂಡು ಬೆಳೆದ ಕೆರೆಯಲ್ಲಿ ಹೂಳು ಬೇಗ ನಿಲ್ಲುತ್ತದೆ; ತೂಬಿನ ಬಾಯಿ ಕಟ್ಟಿಕೊಳ್ಳುತ್ತದೆ; ಕಾಲುವೆಯಲ್ಲಿ ನೀರು ಮುಂದುವರಿಯದೆ ಕೊನೆಯ ಗದ್ದೆಯ ಬಡವನಿಗೆ ತಲಪುವುದಿಲ್ಲ. ಸೊಳ್ಳೆ, ಹಾವು, ಹಂದಿಗಳಿಗೆ ಅದು ಮರೆಯಾಗುತ್ತದೆ. ಹೇಮಾವತಿಯ ನಾಲೆಯ ನೀರಿಗಾಗಿ ಚಾತಕದಂತೆ ಕಾದು ಕುಳಿತ ರೈತನಿಗೆ, ಬಂದ ನೀರು ಜೊಂಡಿನ ಪಾಲಾಗುವುದನ್ನು ನೋಡಿ ಸುಮ್ಮನಿರೆಂದು ಹೇಳುವ ಧೈರ್ಯ ಯಾರಿಗುಂಟು? ನಗರದಲ್ಲಿ ಪಿಂಚಣಿ ತೆಗೆದುಕೊಂಡು ನಲ್ಲಿಯ ನೀರು ಕುಡಿಯುವ ನನ್ನಂಥವನು ಹಕ್ಕಿಯ ಪರವಾಗಿ ವಾದಿಸುವುದು ಸುಲಭ. ಇದು ಪೂರ್ವಪಕ್ಷ. ಇದರಲ್ಲಿ ಬಹುಭಾಗ ಸತ್ಯವೆಂದು ಒಪ್ಪಿಯೇ ಮುಂದುವರಿಯುತ್ತೇನೆ.

ಆದರೆ ಈ ವಾದದಲ್ಲಿ ಒಂದು ಶಬ್ದವು ಪರೀಕ್ಷೆಗೆ ಒಳಗಾಗದೆ ನುಸುಳಿಹೋಗಿದೆ. ಅದು ‘ಕಳೆ’ ಎಂಬ ಶಬ್ದವೇ. ಕಳೆಯೆಂಬುದು ಯಾವ ಗಿಡದ ಹೆಸರೂ ಅಲ್ಲ. ಗಿಡಕ್ಕೂ ನಮ್ಮ ಪ್ರಯೋಜನಕ್ಕೂ ಇರುವ ಸಂಬಂಧದ ಹೆಸರು. ಹತ್ತು ಜಾತಿಯ ಸಸ್ಯಗಳನ್ನು ಒಂದೇ ಹೆಸರಿನಿಂದ ಕರೆದ ಕ್ಷಣವೇ ಹತ್ತಕ್ಕೂ ಒಂದೇ ದಂಡನೆಯನ್ನು ವಿಧಿಸಿದಂತಾಯಿತು. ನ್ಯಾಯಸ್ಥಾನದಲ್ಲಿ ಆಪಾದಿತನ ಹೆಸರನ್ನು ಕೇಳದೆ ತೀರ್ಪು ಹೇಳುವುದುಂಟೆ? ಆದಕಾರಣ ಮೊದಲು ಹೆಸರುಗಳನ್ನು ಕೇಳೋಣ. ನಾಲ್ಕು ದಿನಗಳಲ್ಲಿ ಎರಡು ದಿನ ನಾನು ಬಸ್ಸಿನಲ್ಲಿ ಆ ಊರಿಗೆ ಹೋಗಿ, ಕೆರೆಯ ಹಿನ್ನೀರಿನ ಕಡೆ ನಿಂತು, ಇದನ್ನೇ ಮಾಡಿದೆನು.

ನೀರಿನ ಮೇಲೆ ಕಾಣುವ ಗಿಡಗಳಲ್ಲಿ ಮೂರು ಬಗೆಗಳುಂಟು. ಬೇರು ಕೆಸರಿನಲ್ಲಿ, ಕಾಂಡ ನೀರಿನಲ್ಲಿ, ಎಲೆ ಹೂಗಳು ನೀರಿನ ಮೇಲೆ ಗಾಳಿಯಲ್ಲಿ ಇರುವುವು ಮೊದಲನೆಯ ಬಗೆ. ಬೇರು ಕೆಸರಿನಲ್ಲಿದ್ದು ಎಲೆಯು ನೀರಿನ ಮೈಮೇಲೆ ಒರಗಿರುವುವು ಎರಡನೆಯ ಬಗೆ. ಬೇರೂ ಕೆಸರನ್ನು ಮುಟ್ಟದೆ ತೇಲಾಡುವುವು ಮೂರನೆಯ ಬಗೆ. ಊರಿನವರು ಜೊಂಡು ಎಂದು ಒಟ್ಟಾಗಿ ಕರೆಯುವುದೆಲ್ಲ ಮೊದಲನೆಯ ಬಗೆಗೆ ಸೇರಿದುದು. ಅದರೊಳಗಣ ಭೇದವನ್ನು ತಿಳಿಯಲು ಗ್ರಂಥ ಬೇಡ. ಎರಡು ಬೆರಳು ಸಾಕು. ಕಾಂಡವನ್ನು ಬುಡದಲ್ಲಿ ಹಿಡಿದು ಹೊರಳಿಸಿ ನೋಡಬೇಕು.

ಎಲೆ ಕತ್ತಿಯಲಗಿನಂತೆ ನೀಳವಾಗಿ, ಬುಡದಿಂದಲೇ ಎರಡು ಸಾಲಾಗಿ ಎದ್ದು, ಒತ್ತಿದರೆ ಬೆಂಡಿನಂತೆ ಮೆತ್ತಗಿದ್ದರೆ ಅದು ಆಪು. ಜಂಬು ಎಂದೂ ಹೇಳುವುದುಂಟು. ಅದರ ನಡುವೆ ಎದ್ದ ದಂಟಿನ ತುದಿಯಲ್ಲಿ ಕಂದುಬಣ್ಣದ, ಮಖಮಲ್ಲಿನಂಥ ದಪ್ಪ ಬತ್ತಿಯೊಂದು ನಿಂತಿರುತ್ತದೆ. ಅದೇ ಹೆಣ್ಣು ಹೂಗಳ ಸಮೂಹ; ಅದರ ಮೇಲೆ ತುಸು ಬಿಟ್ಟು ಸಣ್ಣದಾಗಿರುವುದು ಗಂಡು ಹೂಗಳದು. ಬಲಿತ ಬತ್ತಿಯನ್ನು ಮುರಿದರೆ ಹತ್ತಿಯಂತೆ ಹಾರುತ್ತದೆ. ಒಂದೊಂದರಲ್ಲಿ ಲಕ್ಷವನ್ನು ಮೀರಿದ ಬೀಜಗಳಿರಬಲ್ಲುವು. ಮಹಾಭಾರತದ ಮೌಸಲಪರ್ವದಲ್ಲಿ ಯಾದವರು ಒಬ್ಬರನ್ನೊಬ್ಬರು ಹೊಡೆದು ಸತ್ತ ‘ಏರಕಾ’ ಎಂಬ ಹುಲ್ಲು ಈ ಕುಲದ್ದೇ ಎಂದು ಅನೇಕ ಪಂಡಿತರ ಅಭಿಪ್ರಾಯ. ಹೊಡೆದವರ ಪಾಪವು ಹುಲ್ಲಿನ ತಲೆಗೆ ಏಕೆ?

ಕಾಂಡ ದುಂಡಾಗಿ, ಬಿದಿರಿನಂತೆ ಗೆಣ್ಣುಗೆಣ್ಣಾಗಿ, ಒಳಗೆ ಪೊಳ್ಳಾಗಿದ್ದು, ಎಲೆಗಳು ಕಾಂಡದುದ್ದಕ್ಕೂ ಹೊರಟು, ತುದಿಯಲ್ಲಿ ಚಾಮರದಂಥ ತೆನೆಯಿದ್ದರೆ ಅದು ಲಾಳದ ಕಡ್ಡಿ, ಸಂಸ್ಕೃತದ ನಳ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಇದರ ತುದಿಯನ್ನೇ ಕೊರೆದು ಲೇಖನಿ ಮಾಡಿಕೊಡುತ್ತಿದ್ದರು. ನನ್ನ ಅಕ್ಷರದ ಮೊದಲ ಉಪಕಾರಿ ಈ ಕಳೆ.

ಕಾಂಡ ಗಟ್ಟಿಯಾಗಿ, ಗೆಣ್ಣಿಲ್ಲದೆ, ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ತಾಕಿದರೆ ಅದು ಜೇಕಿನ ವರ್ಗ. ನಿಜವಾದ ಜೊಂಡು, ಚಾಪೆಯ ಹುಲ್ಲು ಮುಂತಾದುವು ಬಹುಮಟ್ಟಿಗೆ ಈ ಕುಟುಂಬದವು. ಕೊನ್ನಾರಿಗೆಡ್ಡೆ ಎಂಬ ಮುಸ್ತೆಯೂ ಇದರದೇ ನಂಟು. ನಮ್ಮ ಬಾಲ್ಯದಲ್ಲಿ ಬಾಣಂತಿಯ ಕೋಣೆಯಿಂದ ಹಿಡಿದು ಹಸೆಯವರೆಗೆ ಮನೆಯಲ್ಲಿ ಹಾಸುತ್ತಿದ್ದುದು ಇಂಥ ಹುಲ್ಲಿನ ಚಾಪೆಯನ್ನೇ.

ಇವುಗಳ ಜತೆಗೆ ಕಮಲವನ್ನೂ ಎಣಿಸಬೇಕು. ಕಮಲವನ್ನೂ ನೈದಿಲೆಯನ್ನೂ ಒಂದೆಂದು ತಿಳಿಯುವವರು ವಿದ್ಯಾವಂತರಲ್ಲಿಯೂ ಬಹಳ. ಕಮಲದ ಬಲಿತ ಎಲೆ ನೀರಿನಿಂದ ಮೇಲೆದ್ದು ಕೊಡೆಯಂತೆ ನಿಲ್ಲುತ್ತದೆ, ತೊಟ್ಟು ಎಲೆಯ ನಟ್ಟನಡುವೆ ಸೇರಿರುತ್ತದೆ, ಅಂಚಿನಲ್ಲಿ ಸೀಳಿಲ್ಲ. ನೈದಿಲೆಯ ಎಲೆ ನೀರಿನ ಮೇಲೆಯೇ ಮಲಗಿರುತ್ತದೆ. ತೊಟ್ಟಿನವರೆಗೆ ಒಂದು ಸೀಳು ಉಂಟು. ದಡದ ಕೆಸರಿನಲ್ಲಿ ಗೆಣ್ಣುಗೆಣ್ಣಿಗೂ ಮುಳ್ಳಿನ ಸುತ್ತು, ನೀಲಿಗೆಂಪು ಹೂ ಇರುವ ಕೊಳವಳಿಕೆ, ವೈದ್ಯರ ಕೋಕಿಲಾಕ್ಷ, ನಿಂತಿರುತ್ತದೆ. ಅಲ್ಲಿಯೇ ಹೊನಗೊನೆ, ಒಂದೆಲಗಗಳು ಹಬ್ಬಿರುತ್ತವೆ. ಇವನ್ನು ಕಳೆಯೆಂದು ಕಿತ್ತ ಕೈಯೇ ಸಂತೆಯಲ್ಲಿ ಸೊಪ್ಪೆಂದು ಕೊಂಡು ತರುತ್ತದೆ.

ಇವಕ್ಕೆ ಹೊರತಾಗಿ ಎರಡು ಆಗಂತುಕಗಳನ್ನು ಆ ಕೆರೆಯಲ್ಲಿ ಕಂಡೆನು. ಒಂದು, ಊದಿದ ತೊಟ್ಟಿನ ಬಲದಿಂದ ತೇಲುತ್ತ ನೇರಳೆಬಣ್ಣದ ಹೂ ಬಿಡುವ ಗಿಡ. ಇದನ್ನು ಈಗ ಅಂತರಗಂಗೆ ಎಂದೇ ಕರೆಯುತ್ತಾರೆ. ಮೊದಲಿಂದ ಆ ಹೆಸರು ಸಣ್ಣ ಕೋಸಿನಂತೆ ಎಲೆ ಜೋಡಿಸಿಕೊಂಡು ತೇಲುವ ಬೇರೊಂದು ಗಿಡಕ್ಕೆ ಸಲ್ಲತಕ್ಕದ್ದು. ನೇರಳೆ ಹೂವಿನದು ದಕ್ಷಿಣ ಅಮೆರಿಕದಿಂದ ಬಂದು, ಕೆಲವೇ ವಾರಗಳಲ್ಲಿ ಇಮ್ಮಡಿಯಾಗುತ್ತ, ಕೆರೆಯ ಮೈಯನ್ನೆಲ್ಲ ಮುಚ್ಚಿ, ಕೆಳಗಿನ ನೀರಿಗೆ ಬೆಳಕನ್ನೂ ಗಾಳಿಯನ್ನೂ ತಪ್ಪಿಸುತ್ತದೆ. ಇನ್ನೊಂದು, ದಡದಲ್ಲಿ ಪೊದೆಯಾಗಿ ಬೆಳೆದು ಆಲಿಕೆಯಾಕಾರದ ನಸುಗೆಂಪು ಹೂ ಬಿಡುವುದು. ಅದೂ ಅಮೆರಿಕದ ಉಷ್ಣಪ್ರದೇಶದ್ದು. ದನವೂ ಅದನ್ನು ಮುಟ್ಟಲೊಲ್ಲದು. ಸೊಳ್ಳೆಯ ದೂರಿಗೆ ಮುಖ್ಯವಾಗಿ ಉತ್ತರ ಹೇಳಬೇಕಾದುವು ಈ ತೇಲುವ ಜಾತಿಗಳು. ಇಂಥ ಗಿಡಗಳ ಬೇರಿಗೆ ತನ್ನ ಉಸಿರುಕೊಳವೆಯನ್ನು ಚುಚ್ಚಿ ನೀರಿನೊಳಗೇ ಬದುಕುವ ಸೊಳ್ಳೆಮರಿಯ ಕುಲವೊಂದುಂಟು. ಕೇರಳದ ಚೇರ್ತಲ ಪ್ರಾಂತ್ಯದಲ್ಲಿ ಆನೆಕಾಲುರೋಗವನ್ನು ಹರಡಿದುದು ಅದೇ. ಅಲ್ಲಿ ತೇಲುವ ಗಿಡವನ್ನು ತೆಗೆಸುವುದೇ ಒಂದು ಚಿಕಿತ್ಸೆಯಾಯಿತು. ಆದುದರಿಂದ ಕೀಳತಕ್ಕದ್ದು ಯಾವುದೂ ಇಲ್ಲವೆಂದು ನಾನು ಹೇಳುವುದಿಲ್ಲ. ಯಾವುದನ್ನು ಎಂಬುದನ್ನು ತಿಳಿದು ಕೀಳಬೇಕೆಂದಷ್ಟೇ ಹೇಳುತ್ತೇನೆ.

ಇನ್ನು ಈ ನಿಂತ ಗಿಡಗಳನ್ನು ನಂಬಿದವರು ಯಾರು ಯಾರೆಂಬುದನ್ನು ನೋಡೋಣ.

ನನ್ನ ತಪ್ಪಿಗೆ ಗುರಿಯಾದ ಹಕ್ಕಿ ಜಂಬುಕೋಳಿ. ನೀಲಿ ನೇರಳೆ ಮೈ, ಹಣೆಯಿಂದ ಕೊಕ್ಕಿನವರೆಗೆ ಕೆಂಪು, ನೀಳವಾದ ಕೆಂಗಾಲು. ಜಂಬಿನಲ್ಲಿ ಹುಟ್ಟಿ, ಜಂಬನ್ನೇ ತಿಂದು, ಜಂಬಿನ ಮೇಲೆಯೇ ಮಲಗುವುದರಿಂದ ಅದಕ್ಕೆ ಆ ಹೆಸರು ಸಲ್ಲುತ್ತದೆ. ಅದು ಆಪಿನ ಎಳೆಯ ಬುಡವನ್ನು ಕಿತ್ತು, ಮನುಷ್ಯನಂತೆ ಒಂದು ಕಾಲಿನಲ್ಲಿ ಹಿಡಿದುಕೊಂಡು, ಸುಲಿದು ತಿನ್ನುವುದನ್ನು ಈ ಸಲ ದೀರ್ಘಕಾಲ ನೋಡುತ್ತ ನಿಂತಿದ್ದೆನು. ಗಿಡವನ್ನು ತೆಗೆದು ಹಕ್ಕಿಯನ್ನು ಉಳಿಸಿಕೊಳ್ಳುತ್ತೇನೆಂಬುದು ಹೆಸರಿಗೂ ವಿರುದ್ಧ, ಅರ್ಥಕ್ಕೂ ವಿರುದ್ಧ. ಹಣೆಯಲ್ಲಿ ಬಿಳಿಯ ನಾಮವಿರುವ ನಾಮದ ಕೋಳಿಯೂ ಗೂಡಿಗೆ ಈ ಮರೆಯನ್ನೇ ಹುಡುಕುತ್ತದೆ. ಗುಳುಮುಳುಕನು ತೇಲುವ ಗೂಡನ್ನು ಕಟ್ಟಿ, ಅದು ಗಾಳಿಗೆ ತೇಲಿಹೋಗದಂತೆ ಜೊಂಡಿನ ಬುಡಕ್ಕೆ ಹೆಣೆದು, ತಾನು ಹೊರಗೆ ಹೋಗುವಾಗ ಮೊಟ್ಟೆಗಳ ಮೇಲೆ ಕಸಕಡ್ಡಿಯನ್ನು ಮುಚ್ಚಿಹೋಗುತ್ತಾನೆ. ದೇವನಕ್ಕಿಯು ಕಮಲ ನೈದಿಲೆಗಳ ಎಲೆಯ ಮೇಲೆ ಮೊಟ್ಟೆಯಿಡುತ್ತದೆ; ಅಲ್ಲಿ ಕಾವು ಕೊಡುವುದು ತಂದೆಯ ಪಾಲಿನ ಕೆಲಸ. ಕೆನ್ನೀಲಿ ಬಕವು ಜೊಂಡಿನ ನಡುವೆ ಗೂಡುಕಟ್ಟುತ್ತದೆ. ಗೀಜಗಗಳಲ್ಲಿ ಎದೆಯ ಮೇಲೆ ಗೆರೆಯುಳ್ಳ ಒಂದು ಜಾತಿಯು ಮರವನ್ನು ಬಿಟ್ಟು ಆಪಿಗೇ ಗೂಡನ್ನು ನೇಯುತ್ತದೆ. ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಬರುವ ಕವಲುತೋಕೆಗಳಿಗೆ ಸಂಜೆಯ ತಂಗುದಾಣ ಈ ಕಡ್ಡಿಗಳೇ.

ನೀರಿನ ಒಳಗೂ ಆಶ್ರಿತರುಂಟು. ಕೊರವ ಮೀನು ಗಿಡಗಳ ನಡುವೆ ತುಸು ಜಾಗವನ್ನು ಬಿಡಿಸಿಕೊಂಡು ಮೊಟ್ಟೆಯಿಟ್ಟು, ಮರಿಗಳ ಹಿಂಡನ್ನು ಕಾವಲು ಕಾಯುತ್ತದೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟದ ಮರಿಯು ತಿಂಗಳುಗಟ್ಟಲೆ ನೀರಿನೊಳಗಿದ್ದು, ಸೊಳ್ಳೆಯ ಮರಿಗಳನ್ನು ತಿಂದು ಬೆಳೆದು, ಕಡೆಗೆ ಒಂದು ರಾತ್ರಿ ಜೊಂಡಿನ ಕಾಂಡವನ್ನು ಹತ್ತಿ, ಬೆನ್ನಿನ ಮೇಲೆ ಚರ್ಮವನ್ನು ಸೀಳಿಕೊಂಡು ರೆಕ್ಕೆಯೊಡನೆ ಹೊರಬರುತ್ತದೆ. ಒಣಗಿದ ಪೊರೆಯು ಕಾಂಡಕ್ಕೆ ಅಂಟಿಕೊಂಡಿರುವುದನ್ನು ಯಾರು ಬೇಕಾದರೂ ನೋಡಬಹುದು. ಹತ್ತಲು ಕಾಂಡವಿಲ್ಲದ ಕೆರೆಯಲ್ಲಿ ಆ ಸೊಳ್ಳೆಯ ಶತ್ರುವಿಗೆ ದಾರಿಯಿಲ್ಲ. ಹಾವಿನ ದೂರೂ ಅಷ್ಟೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು ವಿಷವಿಲ್ಲದ ನೀರುಹಾವು.

ಆಪಿನ ಬೆಂಡಿನೊಳಗಣ ಗಾಳಿಯ ಕೋಣೆಗಳಿಗೂ ಒಂದು ಕೆಲಸವುಂಟು. ಎಲೆಯಿಂದ ಇಳಿದ ಗಾಳಿಯು ಉಸಿರಿಲ್ಲದ ಕೆಸರಿನಲ್ಲಿರುವ ಬೇರಿಗೆ ತಲಪುತ್ತದೆ. ಬೇರಿನ ಸುತ್ತ ಕಣ್ಣಿಗೆ ಕಾಣದ ಅಣುಜೀವಿಗಳು ನೆಲಸಿ ನೀರಿನ ಕೊಳೆಯನ್ನು ಜೀರ್ಣಿಸುತ್ತವೆ. ಮೇಲಿನಿಂದ ಬರುವ ಮಣ್ಣನ್ನು ಜೊಂಡು ಹಿನ್ನೀರಿನಲ್ಲಿಯೇ ತಡೆಯುತ್ತದೆ. ಅಲೆಯ ಹೊಡೆತವನ್ನು ಮುರಿದು ದಡವನ್ನು ಕಾಯುತ್ತದೆ. ಹಾಗಾದರೆ ಅದು ಮಿತಿಮೀರಿ ಏಕೆ ಬೆಳೆಯುತ್ತದೆ? ಊರಿನ ಬಚ್ಚಲ ನೀರನ್ನೂ ಗದ್ದೆಯಿಂದ ತೊಳೆದುಬಂದ ಗೊಬ್ಬರವನ್ನೂ ನಾವೇ ಅದಕ್ಕೆ ಉಣಿಸುತ್ತೇವೆ. ಜ್ವರವು ರೋಗದ ಲಕ್ಷಣವಾಗಿರುವಂತೆ ಆಪಿನ ಅತಿವೃದ್ಧಿಯು ಕೊಳಚೆಯ ಲಕ್ಷಣ. ಕೊಳಚೆಯನ್ನು ಬಿಟ್ಟುಕೊಂಡೇ ಆಪನ್ನು ಕೀಳುವುದು, ರೋಗವನ್ನು ಇಟ್ಟುಕೊಂಡು ಮೈ ಒರೆಸಿದಂತೆ.

ಪ್ರಯೋಜನದ ಮಾತು ಇಷ್ಟು. ಆದರೆ ಪ್ರಯೋಜನವೊಂದನ್ನೇ ಹೇಳಿ ನಿಲ್ಲಿಸಿದರೆ ನಾನು ಪೂರ್ವಪಕ್ಷದವನ ತಕ್ಕಡಿಯಲ್ಲಿಯೇ ತೂಗಿದಂತಾಯಿತು. ಜಂಬುಕೋಳಿಯಿಂದ ನಮಗೆ ಏನೂ ಲಾಭವಿಲ್ಲವೆಂದೇ ಇಟ್ಟುಕೊಳ್ಳೋಣ. ಆಗಲೂ ಅದಕ್ಕೆ ಕೆರೆಯಲ್ಲಿ ಹಕ್ಕುಂಟೆ?

ಉಂಟೆಂದು ನಮ್ಮ ಧರ್ಮಶಾಸ್ತ್ರವೇ ಹೇಳುವಂತಿದೆ. ಕೆರೆ ಕಟ್ಟಿಸುವುದನ್ನು ಪೂರ್ತಧರ್ಮವೆಂದು ಕರೆದಿದ್ದಾರಷ್ಟೆ. ಅದರ ಕೊನೆಯ ಅಂಗ ತಟಾಕೋತ್ಸರ್ಗ. ಕಟ್ಟಿಸಿದವನು ಸಂಕಲ್ಪಪೂರ್ವಕವಾಗಿ ನೀರಿನ ಮೇಲಣ ತನ್ನ ಸ್ವಾಮ್ಯವನ್ನು ತ್ಯಜಿಸಿ, ಅದನ್ನು ಸರ್ವಭೂತಗಳಿಗೆ ಸಾಮಾನ್ಯವಾಗಿ ದಾನಮಾಡುತ್ತಾನೆ. ಸಂಕಲ್ಪದಲ್ಲಿ ಊರಿನವರಿಗೆ ಎಂದಿಲ್ಲ, ಅಚ್ಚುಕಟ್ಟಿನವರಿಗೆ ಎಂದಿಲ್ಲ, ಭೂತಗಳಿಗೆ ಎಂದಿದೆ. ದಾನವು ಒಮ್ಮೆ ಪೂರ್ಣವಾದ ಮೇಲೆ ಪ್ರತಿಗ್ರಹೀತೃಗಳಲ್ಲಿ ಒಬ್ಬರು ಮಿಕ್ಕವರನ್ನು ಹೊರಗೆ ಹಾಕುವಂತಿಲ್ಲ. ಕೆರೆಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪವೆಂದು ಶಾಸನಗಳು ಶಪಿಸುವಾಗ, ಕೆಡಿಸಿದುದು ಯಾರ ಪಾಲನ್ನೆಂದು ಅವು ವಿಂಗಡಿಸುವುದಿಲ್ಲ. ಕಾಳಿದಾಸನ ದುಷ್ಯಂತನು ಶಾಕುಂತಲದ ಎರಡನೆಯ ಅಂಕದಲ್ಲಿ ಬೇಟೆಯನ್ನು ನಿಲ್ಲಿಸುವಾಗಲೂ ಹಾಗೆಯೇ. ಕೋಣಗಳು ನೀರಿನಲ್ಲಿ ಆಡಲಿ, ಹಂದಿಗಳು ಕೊಳಚೆಯ ಮುಸ್ತೆಯನ್ನು ಅಂಜದೆ ಮೇಯಲಿ ಎಂಬ ಅಭಿಪ್ರಾಯದಿಂದ ಅವನು ಬಿಲ್ಲನ್ನು ಇಳಿಸುತ್ತಾನೆ. ಜೇಕು ಬೆಳೆದ ಹೊಂಡವು ಹಂದಿಯದೆಂದು ರಾಜನು ಒಪ್ಪಿದ ಸಂದರ್ಭ ಅದು.

ಹಾಗೆಂದು ಕೈಯನ್ನೇ ಇಡಬಾರದೆನ್ನುವುದು ಇನ್ನೊಂದು ಅತಿರೇಕ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಪಕ್ಷಿಧಾಮದಲ್ಲಿ ೧೯೮೨ರಲ್ಲಿ ಎಮ್ಮೆದನಗಳನ್ನು ಮೇಯಿಸುವುದನ್ನು ನಿಷೇಧಿಸಿದರು. ಪ್ರತಿಭಟಿಸಿದ ಗ್ರಾಮಸ್ಥರಲ್ಲಿ ಕೆಲವರು ಗೋಲೀಬಾರಿಗೆ ಬಲಿಯಾದರು. ಇಷ್ಟಾಗಿಯೂ ಹಕ್ಕಿಗಳಿಗೆ ಒಳ್ಳೆಯದಾಯಿತೆ? ಮೇಯುವ ಬಾಯಿಲ್ಲದೆ ನೀರಿನ ಹುಲ್ಲು ಮಿತಿಮೀರಿ ಬೆಳೆದು, ಆಳವಿಲ್ಲದ ನೀರನ್ನೆಲ್ಲ ಕಟ್ಟಿಹಾಕಿ, ಮೀನೂ ಹಕ್ಕಿಯೂ ಕಡಮೆಯಾದುವೆಂದು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿಯೇ ಹತ್ತು ವರ್ಷ ಮಾಡಿದ ಅಧ್ಯಯನದಿಂದ ತಿಳಿದುಬಂದಿತು. ಎಮ್ಮೆಯೂ ಎಮ್ಮೆಯ ಒಡೆಯನೂ ಆ ಕೆರೆಯ ಭೂತಗಳಲ್ಲಿ ಸೇರಿದವರೇ ಎಂಬುದನ್ನು ಕಾಯಿದೆ ಮರೆತಿದ್ದಿತು.

ಹಾಗಾದರೆ ಸಿದ್ಧಾಂತವೇನು? ನಮ್ಮ ಹಿಂದಿನವರು ಆಪನ್ನು ಕೀಳಲಿಲ್ಲ, ಕೊಯ್ದರು. ಚಾಪೆಗೆ, ಮಾಡಿಗೆ, ದನಕ್ಕೆ ಎಂದು ಬೇಕಾದಷ್ಟನ್ನು ಕೊಯ್ದು ಬುಡವನ್ನು ಬಿಟ್ಟರು. ನೀರಗಂಟಿಯು ತೂಬಿನ ಬಾಯನ್ನು ಬಿಡಿಸಿಟ್ಟುಕೊಂಡು ಹಿನ್ನೀರಿನ ಗೊಡವೆಗೆ ಹೋಗಲಿಲ್ಲ. ಕೊಯ್ಯುವುದು ಬೇರೆ, ಕೀಳುವುದು ಬೇರೆ. ಕೊಯ್ಯುವವನು ಮುಂದಿನ ವರ್ಷವನ್ನು ನೆನೆಯುತ್ತಾನೆ. ಕೀಳುವವನು ತನ್ನ ಈ ದಿನವನ್ನಷ್ಟೇ ನೋಡುತ್ತಾನೆ.

ಕೊಯ್ಯುವುದರಲ್ಲಿಯೂ ಹಿಂಸೆಯಿಲ್ಲವೆ ಎಂದರೆ, ಉಂಟು. ಗೃಹಸ್ಥನಿಗೆ ಐದು ಸೂನೆಗಳೆಂದು ಮನುವು ಹೇಳಿದ್ದಾನೆ: ಒಲೆ, ಬೀಸುವ ಕಲ್ಲು, ಪೊರಕೆ, ಒನಕೆ ಒರಳು, ನೀರಿನ ಕೊಡ. ಬದುಕುವುದಕ್ಕಾಗಿಯೇ ಮನೆಯ ಈ ಐದು ಸ್ಥಾನಗಳಲ್ಲಿ ಪ್ರತಿದಿನವೂ ಪ್ರಾಣಿಗಳು ಸಾಯುತ್ತವೆ. ಶಾಸ್ತ್ರವು ಒಲೆಯನ್ನು ಆರಿಸೆಂದು ಹೇಳಲಿಲ್ಲ. ಸಾಯುತ್ತವೆಂಬುದನ್ನು ಮರೆತಿರು ಎಂದೂ ಹೇಳಲಿಲ್ಲ. ಪ್ರತಿದಿನವೂ ಪ್ರತಿಯಾಗಿ ಪಂಚಯಜ್ಞಗಳನ್ನು ಮಾಡು, ಅವುಗಳಲ್ಲಿ ಭೂತಗಳ ಪಾಲನ್ನು ಬೇರೆ ತೆಗೆದಿಡು ಎಂದಿತು. ಅನಿವಾರ್ಯವಾದ ಹಿಂಸೆಯೆಂಬ ಮಾತು ಅಪರಾಧವನ್ನು ಮುಚ್ಚುವ ಹೊದಿಕೆಯಲ್ಲ. ಋಣವನ್ನು ಬರೆದಿಡುವ ಪತ್ರ. ಕೆರೆಯ ವಿಷಯದಲ್ಲಿಯೂ ನ್ಯಾಯ ಇದೇ. ತೂಬಿನ ಮುಂದೆ, ಕಾಲುವೆಯಲ್ಲಿ, ಏರಿಯ ಒಡಲಲ್ಲಿ ಬೆಳೆದುದನ್ನು ತೆಗೆಯುವುದು ರೈತನ ಒಲೆಗೆ ಸಮ. ಪ್ರತಿಯಾಗಿ ಹಿನ್ನೀರಿನ ಕಡೆಯ ಜೊಂಡು ಭೂತಗಳ ಪಾಲು.

ಈ ಸೀಮೆಯಲ್ಲಿ ಇಂಥ ಪಾಲನ್ನು ಬಿಟ್ಟುಕೊಟ್ಟ ಜನ ಇಲ್ಲದೆ ಇಲ್ಲ. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಣ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ; ಗ್ರಾಮಸ್ಥರು ಅವುಗಳನ್ನು ಮನೆಯ ಮಕ್ಕಳಂತೆ ಕಾಯುತ್ತಾರೆ. ಶಿಂಷೆಯು ಕುಣಿಗಲ್ ಸೀಮೆಯನ್ನು ದಾಟಿ ಇಳಿದ ಮೇಲೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿಯೂ ಇದೇ ಸ್ನೇಹ ತಲೆತಲಾಂತರದಿಂದ ನಡೆದುಬಂದಿದೆ. ಮರವನ್ನು ಊರು ಕಾದರೂ, ಆ ಹಕ್ಕಿಗಳ ಮರಿಗಳಿಗೆ ಉಣಿಸು ಸಿಕ್ಕಬೇಕಾದುದು ಸುತ್ತಣ ಕೆರೆಗಳ ಅಂಚಿನಲ್ಲಿ. ಅಂಚನ್ನು ಬೋಳುಮಾಡಿ ಹುಣಿಸೆಮರವನ್ನು ಕಾದರೆ ಪೂಜೆ ಮುಗಿಸಿ ನೈವೇದ್ಯವನ್ನು ಕಸಿದಂತೆ.

‘ಕೆರೆಗೆ ಹಾರ’ ಎಂಬ ಹಾಡಿನ ಕಥೆಯನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಕಣ್ಣೀರಿಡುತ್ತ ಕೇಳಿದ್ದಾರೆ. ಕೆರೆಗೆ ನೀರು ಬರಬೇಕೆಂದು ಹಿರಿಯರು ಆರಿಸಿದುದು ಕಿರಿಯ ಸೊಸೆ ಭಾಗೀರಥಿಯನ್ನು. ಮನೆಯಲ್ಲಿ ಎದುರು ಮಾತನಾಡಲಾರದವಳನ್ನು. ಊರಿಗೆ ಒಳ್ಳೆಯದಾಗಬೇಕೆಂಬ ಅವರ ಇಚ್ಛೆಯಲ್ಲಿ ತಪ್ಪಿರಲಿಲ್ಲ. ಅದರ ಬೆಲೆಯನ್ನು ಯಾರ ಕೈಯಿಂದ ಕೊಡಿಸಿದರೆಂಬುದರಲ್ಲಿ ತಪ್ಪಿದ್ದಿತು. ಆ ಹಾಡನ್ನು ಕೇಳುವಾಗಲೆಲ್ಲ ನಾನು ಆ ಮಾವನನ್ನು ಮನಸ್ಸಿನಲ್ಲಿಯೇ ನಿಂದಿಸುತ್ತಿದ್ದೆನು. ಏರಿಯ ಮೇಲಿಟ್ಟ ಐದು ಮೊಟ್ಟೆಗಳು ನೆನಪಾದಂದಿನಿಂದ ನನ್ನ ನಿಂದೆಗೆ ಮೊದಲಿನ ಧ್ವನಿಯಿಲ್ಲ.

ಐದನೆಯ ದಿನ ವಿದ್ಯಾರ್ಥಿಯು ಪುನಃ ಬಂದನು. ಅರ್ಜಿಗೆ ನಾನು ರುಜು ಹಾಕಿದೆನು. ಆದರೆ ರುಜುವಿನ ಮೇಲೆ ನಾಲ್ಕು ಮಾತುಗಳನ್ನು ಸೇರಿಸಿದೆನು: ತೇಲುವ ಗಿಡವನ್ನೂ ನಸುಗೆಂಪು ಹೂವಿನ ಪೊದೆಯನ್ನೂ ಪೂರ್ತಿಯಾಗಿ ತೆಗೆಸತಕ್ಕದ್ದು, ತೂಬು ಕಾಲುವೆಗಳ ಆಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕುಡುಗೋಲಿನಿಂದ ಕೊಯ್ಯತಕ್ಕದ್ದು, ಏಕೆಂದರೆ ಹಾಗೆ ಕೊಯ್ದರೆ ಬೇರಿಗೆ ಗಾಳಿ ತಪ್ಪಿ ಅದು ತಾನಾಗಿಯೇ ಕೊಳೆಯುತ್ತದೆ, ಯಂತ್ರ ಬೇಡ, ಹಿನ್ನೀರಿನ ಕಡೆಯ ಮೂರನೆಯ ಒಂದು ಭಾಗವನ್ನು ಮುಟ್ಟತಕ್ಕದ್ದಲ್ಲ, ಹೆಚ್ಚು ಹಕ್ಕಿಗಳು ಗೂಡುಕಟ್ಟುವ ಮಳೆಗಾಲಕ್ಕೆ ಮುಂಚೆ, ನೀರು ಇಳಿದಿರುವಾಗಲೇ, ಗೂಡು ಇದೆಯೇ ಎಂದು ನೋಡಿಕೊಂಡು ಈ ಕೆಲಸವನ್ನು ಮುಗಿಸತಕ್ಕದ್ದು. ಅವನು ಎರಡು ಸಲ ಓದಿದನು. “ಯಂತ್ರದ ಬಾಡಿಗೆ ಉಳಿಯುತ್ತದೆ, ಅದಕ್ಕಾದರೂ ಒಪ್ಪಿಯಾರು. ಮೂರನೇ ಪಾಲು ಬಿಡುವುದಕ್ಕೆ ಮಾತ್ರ ತಕರಾರು ಬರುತ್ತೆ, ಮೇಷ್ಟ್ರೇ” ಎಂದನು. ಬರಲಿ, ನಾನೇ ಬಂದು ಗ್ರಾಮಸಭೆಯಲ್ಲಿ ಹೇಳುತ್ತೇನೆ ಎಂದೆನು.

ಹೊರಡುವಾಗ, ಅಂದಿನ ಶ್ರಮದಾನ ನೆನಪಿದೆಯೇ ಎಂದು ಕೇಳಿದೆನು. ಅವನೂ ಅಂದು ನೀರಿಗಿಳಿದವರಲ್ಲಿ ಒಬ್ಬನು. “ಇಲ್ಲದೆ ಏನು ಮೇಷ್ಟ್ರೇ, ಮಧ್ಯಾಹ್ನ ನೀವು ಎಲ್ಲರಿಗೂ ಉಪ್ಪಿಟ್ಟು ಮಾಡಿಸಿದ್ದಿರಿ” ಎಂದು ನಕ್ಕನು. ಮೊಟ್ಟೆಗಳ ನೆನಪು ಅವನಿಗೆ ಇರಲಿಲ್ಲ. ನಾನು ಕಲಿಸಿದುದು ಅಷ್ಟೇ ಆಗಿದ್ದಿತು.

ವಾಚಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಮನೆಗೆ ಹತ್ತಿರವಿರುವ ಯಾವುದಾದರೂ ಕೆರೆಗೆ ಒಂದು ಬೆಳಗ್ಗೆ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ. ನೀರಿನ ಅಂಚಿನಲ್ಲಿ ನಿಂತು, ಮೆತ್ತಗಿರುವುದು ಯಾವುದು, ಗೆಣ್ಣಿರುವುದು ಯಾವುದು, ಮೂರು ಮೂಲೆಯದು ಯಾವುದು ಎಂದು ಅವರ ಬೆರಳಿನಿಂದಲೇ ಮುಟ್ಟಿಸಿ ತೋರಿಸಿ. ಹೆಸರು ಹೇಳಿಕೊಡಿ. ಹೆಸರು ಬಲ್ಲ ಮಗುವು ನಾಳೆ ಕುಡುಗೋಲನ್ನು ಹಿಡಿದಾಗ ಒಂದು ಗಳಿಗೆ ತಡೆದು ನೋಡೀತು. ನನಗೆ ಆ ಒಂದು ಗಳಿಗೆ ಅಂದು ಇರಲಿಲ್ಲ.